ಮುಖ ಗುರುತಿಸುವ ಸಾಫ್ಟ್‌ವೇರ್ ಬೇಡ ಅಂದವನು

ಕೊಡಿಗೇನಹಳ್ಳಿ ಸುತ್ತಮುತ್ತ ಸತ್ತವರಿಗೆ ಸ್ವರ್ಗ ಸಿಕ್ಕಿತೋ ಇಲ್ಲವೋ ಯಾರೂ ಹೋಗಿ ನೋಡಿಲ್ಲ. ಆದರೆ ಹನ್ನೊಂದನೆಯ ದಿನದೊಳಗೆ ಮುತ್ತುರಾಜುವಿನ ಸ್ಟುಡಿಯೋದಲ್ಲಿ ಒಂದು ನೀಲಿ ಬ್ಯಾಕ್‌ಗ್ರೌಂಡ್ ಮಾತ್ರ ಎಲ್ಲರಿಗೂ ಸಿಗುತ್ತಿತ್ತು. ಬದುಕಿದ್ದಾಗ ಫೋಟೋ ಅಂದರೆ ಮೂಗು ಮುರಿಯುವ ಜನ ನಮ್ಮವರು. ಒಬ್ಬರೇ ನಿಂತು ತೆಗೆಸಿಕೊಂಡರೆ ಆಯಸ್ಸು ಕಮ್ಮಿಯಾಗುತ್ತೆ ಅನ್ನುವ ಮುದುಕಿಯರು ಈಗಲೂ ಇದ್ದಾರೆ. ರೇಷನ್ ಕಾರ್ಡಿನ ಫೋಟೋವೋ, ಅದು ಗಂಡಸೋ ಹೆಂಗಸೋ ತಿಳಿಯಬೇಕಾದರೆ ಕೆಳಗಿನ ಹೆಸರು ಓದಬೇಕು. ಪ್ರಾಣ ಹೋದ ಮೇಲೆ ಮಾತ್ರ ಗೋಡೆಗೆ ದೊಡ್ಡ ಪಟ ಬೇಕು, ಅದಕ್ಕೆ ಹಾರ ಬೇಕು, ಮುಂದೆ ದೀಪ ಬೇಕು. ಆಗ ಮನೆಯವರು ಮುತ್ತುರಾಜುವಿನ ಹತ್ತಿರ ಓಡಿ ಬರುತ್ತಾರೆ.

ಅವನು ಕೇಳುತ್ತಿದ್ದ ಪ್ರಶ್ನೆ ಒಂದೇ. ಹೋದವರು ಯಾರ ಮದುವೆಗೆ ಹೋಗಿದ್ದರು? ಇಂಥವರ ಮದುವೆ, ಇಂಥ ಸೀರೆ, ಇಂಥವರ ಪಕ್ಕ ನಿಂತಿದ್ದರು ಎಂದು ಹೇಳಿದರೆ ಸಾಕು, ಕಂಪ್ಯೂಟರಿನ ಮುಂದೆ ಕೂತು ಆ ಮದುವೆಯ ಫೋಟೋಗಳನ್ನು ತಿರುವುತ್ತಿದ್ದ. ಗಂಡುಹೆಣ್ಣಿನ ಹಿಂದೆ ಅರ್ಧ ಕಾಣುವ ತಲೆ, ಊಟದ ಪಂಕ್ತಿಯಲ್ಲಿ ಬಾಯ್ತುಂಬ ಅನ್ನ ಇಟ್ಟುಕೊಂಡ ಮುಖ, ಯಾವುದಾದರೂ ಆದೀತು. ಆ ತಲೆಯನ್ನು ಕತ್ತರಿಸಿ ತೆಗೆದು, ಬಾಯಿ ಮುಚ್ಚಿಸಿ, ಅಡ್ಡ ಬಂದ ಸಾರಿನ ಸೌಟನ್ನು ಅಳಿಸಿ, ಗಂಡಸಾದರೆ ಕೋಟು, ಹೆಂಗಸಾದರೆ ರೇಷ್ಮೆ ಸೀರೆ ಉಡಿಸಿ ಫ್ರೇಮ್ ಹಾಕಿಕೊಡುತ್ತಿದ್ದ. ಬದುಕಿನಲ್ಲಿ ಒಂದು ದಿನವೂ ಕೋಟು ಕಾಣದವರು ಗೋಡೆಯ ಮೇಲೆ ತಹಸೀಲ್ದಾರರ ಹಾಗೆ ಕೂರುತ್ತಿದ್ದರು. ಅವನ ಸ್ಟುಡಿಯೋದಿಂದ ಬರಿಗೈಯಲ್ಲಿ ಹೋದವರಿಲ್ಲ ಎಂದು ಮಧುಗಿರಿಯಿಂದ ಪಾವಗಡದವರೆಗೂ ಹೆಸರಿತ್ತು.

ಇಪ್ಪತ್ತು ವರ್ಷದ ಫೋಟೋಗಳು ಹನ್ನೊಂದು ಹಾರ್ಡ್ ಡಿಸ್ಕುಗಳಲ್ಲಿದ್ದವು. ಒಂದೊಂದನ್ನೂ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಬೀರುವಿನಲ್ಲಿ, ಹೆಂಡತಿ ಶಶಿರೇಖಾಳ ಒಡವೆಯ ಡಬ್ಬಿಗಿಂತ ಜೋಪಾನವಾಗಿ ಇಟ್ಟಿದ್ದ. ಜೋಪಾನವೇನೋ ಸರಿ, ಒಳಗೆ ಮಾತ್ರ ಸಂತೆ. ‘ನ್ಯೂ ಫೋಲ್ಡರ್’, ‘ನ್ಯೂ ಫೋಲ್ಡರ್ ಎರಡು’, ‘ಮದುವೆ ಅರ್ಜೆಂಟ್’, ‘ಮದುವೆ ಅರ್ಜೆಂಟ್ ಹೊಸದು’ ಎಂದು ಸಾವಿರಾರು. ಯಾವುದು ಎಲ್ಲಿದೆ ಎಂಬ ಲೆಕ್ಕ ಅವನ ತಲೆಯಲ್ಲಿತ್ತು. ಐವತ್ತೆರಡು ದಾಟಿದ ಮೇಲೆ ಆ ತಲೆಯೂ ಕೈಕೊಡಲು ಶುರುಮಾಡಿತು.

ಕೈಕೊಟ್ಟದ್ದು ಎಲ್ಲರ ಎದುರು ಬಯಲಾದದ್ದು ರಂಗರಾಜು ಬಂದ ದಿನ. ನಿಡುಗಲ್ಲಿನವನು, ಅವನ ಅಪ್ಪ ಪರ್ವತಯ್ಯ ತೀರಿಕೊಂಡು ಎಂಟು ದಿನವಾಗಿತ್ತು. ‘ಮಾ ನಾಯ್ನ’, ನಮ್ಮಪ್ಪ, ನಿಮ್ಮ ಫೋಟೋದಲ್ಲಿ ಇದ್ದೇ ಇದ್ದಾನೆ, ಏಳು ವರ್ಷದ ಹಿಂದೆ ಪಾವಗಡದ ಛತ್ರದಲ್ಲಿ ನಡೆದ ಮದುವೆ ಎಂದು ಅರ್ಧ ತೆಲುಗು ಅರ್ಧ ಕನ್ನಡದಲ್ಲಿ ಹೇಳಿದ. ಮುತ್ತುರಾಜು ಮೂರು ಗಂಟೆ ಹುಡುಕಿದ. ಡಿಸ್ಕ್ ಮೇಲೆ ಡಿಸ್ಕ್ ಚುಚ್ಚಿದ. ಊರಿಗೆ ಬಸ್ಸು ತಪ್ಪಿದರೆ ಕಷ್ಟ ಎಂದು ರಂಗರಾಜು ಕೊನೆಗೆ ಎದ್ದು, ಪರವಾಗಿಲ್ಲ ಬುಡಣ್ಣ ಎಂದು ಹೊರಟಾಗ ಮುತ್ತುರಾಜುವಿಗೆ ಅವನ ಮುಖ ನೋಡಲಾಗಲಿಲ್ಲ. ಅಂಗಡಿಯಲ್ಲಿ ಇನ್ನೂ ನಾಲ್ಕು ಜನ ಇದ್ದರು, ಅವರೂ ಕಂಡರು.

ಆ ನಾಲ್ವರಲ್ಲಿ ಅನುಷಾ ಒಬ್ಬಳು. ಮೂರು ಮೈಲಿ ಆಚೆಯ ಹಳ್ಳಿಯ ಭೀಮರಾಜು ಮೇಷ್ಟ್ರ ಮಗಳು, ಇಪ್ಪತ್ತಮೂರು ವರ್ಷ. ತುಮಕೂರಿನಲ್ಲಿ ಗ್ರಂಥಾಲಯದ ಓದು ಓದಿ ಬಂದು ಈಗ ಪಂಚಾಯ್ತಿ ಲೈಬ್ರರಿ ನೋಡಿಕೊಳ್ಳುತ್ತಿದ್ದಳು. ಯಾವುದೋ ಪರೀಕ್ಷೆಯ ಅರ್ಜಿಗೆ ಪಾಸ್‌ಪೋರ್ಟ್ ಸೈಜ್ ಫೋಟೋ ತೆಗೆಸಲು ಬಂದವಳು ಇದನ್ನೆಲ್ಲ ನೋಡಿ, ಅಂಕಲ್, ನಂಬರ್ ಹಾಕದ ಪುಸ್ತಕ ಇದ್ದೂ ಇಲ್ಲದಂಗೆ ಎಂದಳು. ಫೋಟೋಗಳನ್ನು ಜೋಡಿಸುವುದಕ್ಕೆ ಸಾಫ್ಟ್‌ವೇರ್‌ಗಳಿವೆ, ಒಂದನ್ನು ಆರಿಸಿ ಹಾಕಿಕೊಂಡರೆ ಹುಡುಕುವ ಕಷ್ಟ ಇರುವುದಿಲ್ಲ, ಬೇಕಾದರೆ ನಾನು ನೋಡಿ ಹೇಳುತ್ತೇನೆ ಎಂದಳು. ಅವಮಾನ ಇನ್ನೂ ಬಿಸಿಯಾಗಿತ್ತು, ಮುತ್ತುರಾಜು ತಕ್ಷಣ ಒಪ್ಪಿಬಿಟ್ಟ.

ಭಾನುವಾರ ಬಂದಳು. ಈ ಹುಡುಗಿ ಹೆಣ್ಣು ನೋಡಲು ಹೋದ ಹಿರಿಯರಿಗಿಂತ ಹೆಚ್ಚು ಪ್ರಶ್ನೆ ಇಟ್ಟುಕೊಂಡು ಬಂದಿದ್ದಳು. ಸಾಫ್ಟ್‌ವೇರು ಫೋಟೋಗಳನ್ನು ಇದ್ದಲ್ಲೇ ಇರಲು ಬಿಡುತ್ತದೋ, ಇಲ್ಲ ಎಲ್ಲವನ್ನೂ ಎತ್ತಿ ತನ್ನ ಹೊಟ್ಟೆಗೆ ಹಾಕಿಕೊಳ್ಳುತ್ತದೋ? ನಾವು ಬರೆದ ಹೆಸರು ಫೋಟೋದ ಜೊತೆಗೇ ಉಳಿಯುತ್ತದೋ, ನಾಳೆ ಆ ಕಂಪನಿ ಬಾಗಿಲು ಹಾಕಿದರೆ ಹೆಸರೂ ಹೋಗುತ್ತದೋ? ನೆಟ್ ಇಲ್ಲದಾಗ ಕೆಲಸ ಮಾಡುತ್ತದೋ? ಕರೆಂಟು ಹೋಗಿ ಬಂದರೆ ಮಾಡಿದ ಕೆಲಸ ಉಳಿದಿರುತ್ತದೋ? ಇಷ್ಟು ಕೇಳಿದ ಮೇಲೆ ಅವಳ ಪಟ್ಟಿಯಲ್ಲಿ ಮೂರು ಉಳಿದಿದ್ದವು. ಮೊದಲನೆಯದು ಫೋಟೋಗಳನ್ನೆಲ್ಲ ಇಂಟರ್‌ನೆಟ್ಟಿಗೆ ಕಳಿಸಬೇಕು, ತಿಂಗಳಿಗಿಷ್ಟು ಅಂತ ಕಟ್ಟಬೇಕು ಅನ್ನುವಂಥದ್ದು. ಕೊಡಿಗೇನಹಳ್ಳಿಯ ನೆಟ್ಟಿನಲ್ಲಿ ನಾಲ್ಕು ಲಕ್ಷ ಫೋಟೋ ಕಳಿಸುವ ಹೊತ್ತಿಗೆ ನನ್ನ ಮೊಮ್ಮಕ್ಕಳ ಮದುವೆಯೂ ಆಗಿರುತ್ತೆ ಎಂದು ಮುತ್ತುರಾಜು ನಕ್ಕ, ಅದು ಅಲ್ಲಿಗೇ ಮುಗಿಯಿತು.

ಉಳಿದ ಎರಡಕ್ಕೂ ದುಡ್ಡಿಲ್ಲ, ಎರಡೂ ಅವನ ಕಂಪ್ಯೂಟರಿನಲ್ಲೇ ಕೂರುವಂಥವು. ಒಂದರಲ್ಲಿ ಊರು, ತಾರೀಕು, ಮನೆತನ ಎಲ್ಲವನ್ನೂ ನಾವೇ ಕೂತು ಬರೆಯಬೇಕು. ಬರೆದಷ್ಟು ಸಿಗುತ್ತದೆ, ಬರೆಯದ್ದು ಸಿಗುವುದಿಲ್ಲ. ಇನ್ನೊಂದು ಮುಖಗಳನ್ನು ತಾನೇ ಗುರುತು ಹಿಡಿಯುತ್ತದೆ. ಒಂದು ಮುಖ ತೋರಿಸಿದರೆ ನಾಲ್ಕು ಲಕ್ಷ ಫೋಟೋಗಳಲ್ಲಿ ಆ ಮುಖ ಎಲ್ಲೆಲ್ಲಿ ಇದೆಯೋ ಅಷ್ಟನ್ನೂ ತಂದು ಮುಂದಿಡುತ್ತದೆ. ಮುತ್ತುರಾಜು ಒಂದಕ್ಕೆ ‘ಹೆಸರಿನದು’, ಇನ್ನೊಂದಕ್ಕೆ ‘ಮುಖದ್ದು’ ಎಂದು ತಾನೇ ನಾಮಕರಣ ಮಾಡಿದ. ಮುಖದ್ದರ ವಿಷಯ ಕೇಳಿ ಅವನಿಗೆ ಎಲ್ಲಿಲ್ಲದ ಖುಷಿ. ರಂಗರಾಜುವಿನ ಹತ್ತಿರ ಅಪ್ಪನ ಆಧಾರ್ ಕಾರ್ಡಾದರೂ ಇರುತ್ತದಲ್ಲ, ಅದನ್ನು ತೋರಿಸಿದರೆ ಮುಗಿಯಿತು.

ಪರೀಕ್ಷೆಗೆಂದು ಅನುಷಾ ಒಂದು ಡಿಸ್ಕ್ ಆರಿಸಿ ಮುಖದ್ದಕ್ಕೆ ಕೊಟ್ಟಳು. ಎರಡು ಸಾವಿರದ ಆರರದ್ದು. ಹೇಗೆ ಕೆಲಸ ಮಾಡುತ್ತೆ ಎಂದು ತೋರಿಸಲು ತನ್ನದೇ ಪಾಸ್‌ಪೋರ್ಟ್ ಫೋಟೋ ಹಾಕಿ, ಕೆಳಗೆ ‘ಅನುಷಾ’ ಎಂದು ಬರೆದಳು. ಹಳೆಯ ಕಂಪ್ಯೂಟರ್, ಮೂರು ನಾಲ್ಕು ದಿನ ಹಿಡಿಯುತ್ತೆ, ಆಗಾಗ ಏನಾದರೂ ಕೇಳಿದರೆ ಉತ್ತರ ಒತ್ತಿ ಎಂದು ಹೇಳಿ ಹೋದಳು.

ಮಂಗಳವಾರ ಬೆಳಿಗ್ಗೆ ಲೈಬ್ರರಿಗೆ ಹೋಗುವ ಮುಂಚೆ ಮತ್ತೆ ಬಂದಳು. ಇಬ್ಬರೂ ಪರದೆಯ ಮುಂದೆ ಕೂತರು. ಸಾಫ್ಟ್‌ವೇರು ಎರಡೆರಡು ಮುಖಗಳನ್ನು ಪಕ್ಕಪಕ್ಕ ಇಟ್ಟು, ಇವರಿಬ್ಬರೂ ಒಬ್ಬರೇ ಏನು ಎಂದು ಕೇಳುತ್ತಿತ್ತು. ಹೌದು ಅನ್ನಬೇಕು, ಇಲ್ಲವೇ ಅಲ್ಲ ಅನ್ನಬೇಕು. ಸುಮಾರು ಸರಿಯಾಗಿಯೇ ಕೇಳುತ್ತಿತ್ತು. ಅವಳಿ ಮಕ್ಕಳನ್ನು ಮಾತ್ರ ಒಬ್ಬರೇ ಎಂದು ತಿಳಿದುಕೊಂಡಿತ್ತು, ಅದಕ್ಕೆ ಇಬ್ಬರೂ ನಕ್ಕರು. ಅಷ್ಟರಲ್ಲಿ ಅನುಷಾಗೆ ಪಂಚಾಯ್ತಿಯಿಂದ ಫೋನ್ ಬಂತು, ಎದ್ದು ಹೊರಗೆ ಹೋದಳು.

ಮುಂದಿನ ಜೋಡಿ ಪರದೆಗೆ ಬಂತು. ಎಡಗಡೆ ನೀಲಿ ಬ್ಯಾಕ್‌ಗ್ರೌಂಡಿನಲ್ಲಿ ಹಸಿರು ಸೀರೆ, ದೊಡ್ಡ ಕುಂಕುಮದ ಒಬ್ಬ ಹೆಂಗಸು. ಕೆಳಗೆ ಫೈಲಿನ ಹೆಸರು: ‘ಭೀಮರಾಜು ಮಿಸೆಸ್ ಫೈನಲ್’. ಬಲಗಡೆ ಹೊಳವನಹಳ್ಳಿಯ ಒಂದು ಮದುವೆಯಲ್ಲಿ ಅಡುಗೆಯವರ ಜೊತೆ ಕೂತು ಈರುಳ್ಳಿ ಹೆಚ್ಚುತ್ತಿದ್ದ ಒಬ್ಬ ಹೆಂಗಸು. ಇವರಿಬ್ಬರೂ ಒಬ್ಬರೇ ಏನು?

ಒಬ್ಬರೇ. ಅದು ಮುತ್ತುರಾಜುವಿಗೆ ಗೊತ್ತಿತ್ತು. ಈ ಲೋಕದಲ್ಲಿ ಅವನೊಬ್ಬನಿಗೇ ಗೊತ್ತಿತ್ತು ಎಂದು ಅವನು ಹತ್ತೊಂಬತ್ತು ವರ್ಷದಿಂದ ನಂಬಿದ್ದ. ಬಾಗಿಲ ಕಡೆ ನೋಡಿದ, ಅನುಷಾ ಬೆನ್ನು ಹಾಕಿ ಮಾತಾಡುತ್ತಿದ್ದಳು. ‘ಅಲ್ಲ’ ಎಂದು ಒತ್ತಿದ. ಕೈ ಕಳ್ಳನದಾಗಿತ್ತು, ಅದಕ್ಕೇ ಅಷ್ಟು ಚುರುಕಾಗಿತ್ತು.

ಎರಡು ಸಾವಿರದ ಆರರ ವೈಶಾಖದಲ್ಲಿ ಅವನಿಗೆ ಹದಿನಾಲ್ಕು ಮದುವೆ. ಹೊಸ ಡಿಜಿಟಲ್ ಕ್ಯಾಮೆರಾ, ಹೊಸ ಕಂಪ್ಯೂಟರ್, ನೆಲದ ಮೇಲೆ ಕಾಲು ನಿಲ್ಲುತ್ತಿರಲಿಲ್ಲ. ಆಗಿನ್ನೂ ಕೆಲಸ ಕಾಯಂ ಆಗದ ಭೀಮರಾಜು ಬಂದು ಬಾಗಿಲ ಹೊರಗೆ ನಿಂತಿದ್ದ. ಹೆಂಡತಿ ಸಣ್ಣಕ್ಕ ಜ್ವರದಲ್ಲಿ ಹೋಗಿಬಿಟ್ಟಿದ್ದಳು, ಒಂದೂ ಫೋಟೋ ಇಲ್ಲ. ರಾಗಿ ಮಿಲ್ಲಿನವರ ಮನೆ ಮದುವೆಗೆ ಹಸಿರು ಸೀರೆ ಉಟ್ಟು, ಮಗೂನ ಎತ್ತಿಕೊಂಡು ಬಂದಿದ್ದಳು, ಅಲ್ಲಿ ಇದ್ದಾಳು ಎಂದ. ಆಲ್ಬಂ ಮಾಡಲೆಂದು ಆ ಮದುವೆಯ ಸಿ.ಡಿ. ಹಿಂದೂಪುರಕ್ಕೆ ಹೋಗಿತ್ತು. ತರಲು ಒಂದು ದಿನ ಬೇಕು. ಹೋಗಿ ಬರುವಷ್ಟು ಪುರುಸೊತ್ತು ಮುತ್ತುರಾಜುವಿಗೆ ಇತ್ತೇ? ಇತ್ತು. ಮನಸ್ಸಿರಲಿಲ್ಲ. ಕಂಪ್ಯೂಟರಿನಲ್ಲಿ ಹೊಳವನಹಳ್ಳಿಯ ಮದುವೆ ತೆರೆದೇ ಇತ್ತು. ಅದರಲ್ಲಿ ಅದೇ ವಯಸ್ಸಿನ, ಅದೇ ಬಣ್ಣದ, ಅಷ್ಟೇ ಸಣಕಲು ಹೆಂಗಸೊಬ್ಬಳು ಕಂಡಳು. ಅವಳ ಮುಖ ತೆಗೆದು ಹಸಿರು ಸೀರೆ ಉಡಿಸಿದ. ಕೂಲಿನಾಲಿ ಮಾಡೋ ಹೆಂಗಸರೆಲ್ಲ ನೋಡೋಕೆ ಒಂದೇ ಥರ ಇರುತ್ತಾರೆ, ಯಾರಿಗೆ ತಿಳಿಯುತ್ತೆ. ಹೀಗೆ ಅಂದುಕೊಂಡದ್ದು ಅವನಿಗೆ ಪದ ಪದವಾಗಿ ನೆನಪಿತ್ತು, ಮರೆಯಲು ಎಷ್ಟು ಹೆಣಗಿದರೂ ಹೋಗಿರಲಿಲ್ಲ. ಭೀಮರಾಜು ಪಟವನ್ನು ಎರಡು ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದ್ದ. ಆಮೇಲೆ ‘ಸರಿ ಅಣ್ಣ’ ಎಂದು ಪೇಪರಿನಲ್ಲಿ ಸುತ್ತಿಸಿಕೊಂಡು ಹೋಗಿದ್ದ.

ಫೋನ್ ಮುಗಿಸಿ ಅನುಷಾ ಒಳಗೆ ಬರುವ ಹೊತ್ತಿಗೆ ಮುತ್ತುರಾಜು ಬೇರೆ ಮನುಷ್ಯನಾಗಿದ್ದ. ಈ ಮುಖದ್ದು ಬೇಡ ಕಣಮ್ಮ, ಬಲು ನಿಧಾನ ಎಂದ. ಕಂಪ್ಯೂಟರ್ ಬಿಸಿಯಾಗುತ್ತೆ ಎಂದ. ಅವಳು ಪ್ರತಿಯೊಂದಕ್ಕೂ ಸಮಾಧಾನವಾಗಿ ಉತ್ತರ ಕೊಟ್ಟಳು. ಹೆಸರು ಬರೆಯುವ ಸಾಫ್ಟ್‌ವೇರಿನಲ್ಲಿ ನಾಲ್ಕು ಲಕ್ಷಕ್ಕೆ ನೀವೊಬ್ಬರೇ ಕೂತು ಬರೆಯೋಕೆ ಆಗುತ್ತಾ ಅಂಕಲ್ ಎಂದು ಕೇಳಿದಳು. ಕಾರಣಗಳೆಲ್ಲ ಖಾಲಿಯಾದಾಗ ಅವನ ಬಾಯಿಗೆ ಎಲ್ಲಿಂದಲೋ ಒಂದು ದೊಡ್ಡ ಮಾತು ಬಂತು. ಹೆಣ್ಣುಮಕ್ಕಳ ಮುಖ ನಮ್ಮನ್ನ ನಂಬಿ ಕೊಟ್ಟಿರೋದು, ಯಾರೋ ಬಂದು ಒಂದು ಮುಖ ತೋರಿಸಿ ಇವಳು ಎಲ್ಲೆಲ್ಲಿ ಹೋಗಿದ್ದಳು ತೋರಿಸು ಅಂದರೆ ಏನು ಮಾಡೋದು ಎಂದ.

ಮಾತು ಸುಳ್ಳೇನಲ್ಲ, ಅದೇ ಅದರ ದೊಡ್ಡ ಹೇಸಿಗೆ. ಅನುಷಾ ಅದನ್ನು ನಿಜವಾಗಿ ಯೋಚಿಸಿ, ನೀವು ಹೇಳೋದು ಸರಿ, ಇದು ನನಗೆ ಹೊಳೆದೇ ಇರಲಿಲ್ಲ ಎಂದಳು. ನಿಮ್ಮಂಥವರ ಕೈಯಲ್ಲಿ ಫೋಟೋಗಳಿರೋದು ಒಳ್ಳೇದಾಯ್ತು ಎಂದೂ ಹೇಳಿದಳು. ಮುತ್ತುರಾಜುವಿಗೆ ಕೂತ ಕುರ್ಚಿ ಮುಳ್ಳಾಯಿತು. ಆ ಹುಡುಗಿಯ ಗೌರವ ಅವನ ಮೈಮೇಲೆ ಬೇರೆಯವರ ಅಂಗಿಯ ಹಾಗೆ ಬಿಗಿಯುತ್ತಿತ್ತು, ಬಿಚ್ಚಿ ಎಸೆಯುವ ಧೈರ್ಯವಿಲ್ಲ.

ಬ್ಯಾಗು ಹೆಗಲಿಗೆ ಹಾಕಿಕೊಂಡು ಮೆಟ್ಟಿಲವರೆಗೆ ಹೋದವಳು ನಿಂತಳು.

“ಒಂದ್ ಆಸೆ ಇತ್ತು ಅಂಕಲ್, ಅದಕ್ಕೇ ಆರನೇ ಇಸವಿದು ಹಾಕ್ದೆ. ನಮ್ಮಮ್ಮಂದು ನೀವ್ ಮಾಡ್ಕೊಟ್ಟಿದ್ದು ಒಂದೇ ಫೋಟೋ ಇರೋದು. ಅದ್ರಲ್ಲಿ ಮುಖ ಬುಟ್ರೆ ಏನೂ ಇಲ್ಲ. ಅವ್ಳು ನಿಂತಿರೋದು, ನಕ್ಕಿರೋದು, ನನ್ನ ಎತ್ಕಂಡಿರೋದು ಯಾವ್ದಾದ್ರೂ ಒಂದು ಸಿಗ್ಬೌದು ಅನ್ಕಂಡೆ. ಅವ್ಳ ಕೈ ಹೆಂಗಿತ್ತು ಅಂತ್ಲೂ ನಂಗೆ ಗೊತ್ತಿಲ್ಲ.”

ಪರವಾಗಿಲ್ಲ, ಹೆಸರಿನದನ್ನೇ ಹಾಕೋಣ, ಬರೀತಾ ಬರೀತಾ ಎಂದಾದರೂ ಸಿಗಬಹುದು ಎಂದು ಅವಳೇ ಸಮಾಧಾನ ಹೇಳಿ ಸ್ಕೂಟಿ ಹತ್ತಿದಳು. ಮುತ್ತುರಾಜು ಆ ದಿನ ಊಟಕ್ಕೆ ಮನೆಗೆ ಹೋದವನು ಎರಡು ತುತ್ತು ಮುದ್ದೆ ನುಂಗಿ ಎದ್ದ. ಶಶಿರೇಖಾ, ಯಾಕ್ರೀ, ಸಾರು ಚೆನ್ನಾಗಿಲ್ವಾ ಎಂದು ಕೇಳಿದ್ದಕ್ಕೆ ಹೊಟ್ಟೆ ಸರಿಯಿಲ್ಲ ಎಂದ. ಹತ್ತೊಂಬತ್ತು ವರ್ಷ ಒಂದು ಮಗು ಯಾರದೋ ಮುಖದ ಮುಂದೆ ಕೂತು ಅಮ್ಮ ಎಂದು ಬೆಳೆದಿದೆ, ಅದನ್ನು ಹೆಂಡತಿಗೆ ಹೇಗೆ ಹೇಳುವುದು ಎಂದು ತಿಳಿಯಲಿಲ್ಲ. ಹೇಳಿದರೆ ಅವಳು ತನ್ನನ್ನು ನೋಡುವ ರೀತಿ ಬದಲಾಗುತ್ತದೆ ಎಂಬುದು ಮಾತ್ರ ಗೊತ್ತಿತ್ತು.

ಬುಧವಾರ ಮಧ್ಯಾಹ್ನ ಗಿರಾಕಿ ಇಲ್ಲದ ಹೊತ್ತು ನೋಡಿ ಶಟರ್ ಅರ್ಧ ಇಳಿಸಿದ. ಮುಖದ್ದನ್ನು ಕಂಪ್ಯೂಟರಿನಿಂದ ಪೂರ್ತಿ ತೆಗೆದುಹಾಕುವುದು, ‘ಭೀಮರಾಜು ಮಿಸೆಸ್’ ಫೈಲನ್ನೂ ಹೊಳವನಹಳ್ಳಿಯ ಆ ಒಂದು ಫೋಟೋವನ್ನೂ ಅಳಿಸುವುದು. ಇಷ್ಟು ಮಾಡಿದರೆ ಕೈ ತೊಳೆದುಕೊಂಡ ಹಾಗೆ ಎಂದು ಲೆಕ್ಕ ಹಾಕಿದ್ದ. ಸಾಫ್ಟ್‌ವೇರು ತೆರೆದ. ಅದು ತನ್ನ ಕೆಲಸ ಮುಗಿಸಿ ಕಾಯುತ್ತಿತ್ತು. ಮೇಲುಗಡೆಯೇ ಒಂದು ಪ್ರಶ್ನೆ ಇತ್ತು. ಅನುಷಾಳ ಪಾಸ್‌ಪೋರ್ಟ್ ಫೋಟೋ ಒಂದು ಕಡೆ, ಇನ್ನೊಂದು ಕಡೆ ಏಳು ಫೋಟೋಗಳು. ಇವರೆಲ್ಲ ಒಬ್ಬರೇ ಏನು?

ಮುತ್ತುರಾಜುವಿಗೆ ಮೊದಲು ಸಿಟ್ಟು ಬಂತು. ಆ ವರ್ಷ ಅನುಷಾ ನಾಲ್ಕು ವರ್ಷದ ಮಗು, ಇದಕ್ಕೆ ಅಷ್ಟೂ ಬುದ್ಧಿ ಇಲ್ಲವಲ್ಲ ಎಂದುಕೊಂಡ. ಬೈಯುತ್ತಲೇ ಒಂದನ್ನು ದೊಡ್ಡದು ಮಾಡಿದ. ರಾಗಿ ಮಿಲ್ಲಿನವರ ಮನೆ ಮದುವೆ. ಹಿಂದೂಪುರದಿಂದ ವಾಪಸ್ ಬಂದ ಮೇಲೆ ಆ ಸಿ.ಡಿ.ಯನ್ನು ಅವನೇ ಈ ಡಿಸ್ಕಿಗೆ ಹಾಕಿದ್ದ, ಹಾಕಿದವನು ಒಂದು ಸಲವೂ ತೆರೆದು ನೋಡಿರಲಿಲ್ಲ. ಚಪ್ಪರದ ಅಂಚಿನಲ್ಲಿ ಹಸಿರು ಸೀರೆಯ ಹೆಂಗಸೊಬ್ಬಳು ನಿಂತಿದ್ದಳು, ಸೊಂಟದ ಮೇಲೆ ಮಗು. ಅಗಲವಾದ ಹಣೆ, ಎಡಕ್ಕೆ ಸ್ವಲ್ಪ ಓರೆಯಾದ ತುಟಿ, ಯಾರದೋ ಮಾತು ಕೇಳುವಾಗ ತಲೆ ವಾಲಿಸುವ ರೀತಿ, ಎಲ್ಲ ಅನುಷಾ. ನಿನ್ನೆ ಇದೇ ಮೆಟ್ಟಿಲ ಮೇಲೆ ನಿಂತಿದ್ದವಳು. ಯಂತ್ರ ತಾಯಿಯನ್ನು ಮಗಳು ಎಂದು ತಿಳಿದಿತ್ತು.

ಏಳನ್ನೂ ನೋಡಿದ. ಒಂದರಲ್ಲಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಗುತ್ತಿದ್ದಳು. ಒಂದರಲ್ಲಿ ಮಗುವಿನ ಮೂಗು ಒರೆಸುತ್ತಿದ್ದಳು. ಇನ್ನೊಂದರಲ್ಲಿ ಕ್ಯಾಮೆರಾವನ್ನೇ ನೇರವಾಗಿ ನೋಡುತ್ತಿದ್ದಳು, ಅಂದರೆ ಮುತ್ತುರಾಜುವನ್ನೇ. ಅವಳು ಅವನ ಎದುರಿಗೇ ನಿಂತಿದ್ದಳು, ಅವನು ಅವಳನ್ನು ನೋಡಿ ಬಟನ್ ಒತ್ತಿದ್ದ. ಮೂರು ವಾರದ ನಂತರ ಅವಳ ಗಂಡ ಬಂದಾಗ ಎಲ್ಲರೂ ಒಂದೇ ಥರ ಎಂದುಕೊಂಡಿದ್ದ. ಮೇಜಿನ ಮೇಲೆ ತಲೆ ಇಟ್ಟ. ನಾಚಿಕೆ ಎಂದರೆ ಮುಖ ಕೆಂಪಾಗುವುದು ಎಂದು ಇಷ್ಟು ದಿನ ತಿಳಿದಿದ್ದ, ಉಸಿರು ಎಳೆದುಕೊಳ್ಳಲೂ ಅದು ಬಿಡುವುದಿಲ್ಲ ಎಂದು ಅವತ್ತು ತಿಳಿಯಿತು.

ಅಳಿಸುವ ಯೋಚನೆ ಆಮೇಲೆ ಬರಲಿಲ್ಲ ಎಂದು ಹೇಳಿದರೆ ಚೆಂದ, ಆದರೆ ಬಂತು. ಈ ಏಳನ್ನು ಮಾತ್ರ ಕೊಟ್ಟು, ಪಟದ ವಿಷಯ ಬಾಯಿಬಿಡದೆ ಇದ್ದರೆ ಹೇಗೆ? ಹೇಗೂ ಇಲ್ಲ. ಎರಡನ್ನೂ ಪಕ್ಕದಲ್ಲಿಟ್ಟರೆ ಕಣ್ಣಿದ್ದವರಿಗೆಲ್ಲ ಗೊತ್ತಾಗುತ್ತದೆ. ಏಳೂ ಫೋಟೋಗಳನ್ನು ಪ್ರಿಂಟ್ ಹಾಕಿದ, ಸ್ಟುಡಿಯೋದ ಹಳದಿ ಕವರಿಗೆ ತುಂಬಿದ, ಸಂಜೆ ಐದಕ್ಕೆ ಬೈಕ್ ಹತ್ತಿದ. ದಾರಿಯಲ್ಲಿ ಎರಡು ಸಲ ನಿಲ್ಲಿಸಿದ. ಒಂದು ಸಲ ಸುಮ್ಮನೆ, ಇನ್ನೊಂದು ಸಲ ವಾಪಸ್ ತಿರುಗಿಸಲು.

ಭೀಮರಾಜು ಮೇಷ್ಟ್ರು ಆಗ ತಾನೇ ಶಾಲೆಯಿಂದ ಬಂದು ಕಾಫಿ ಕುಡಿಯುತ್ತಿದ್ದರು. ಬನ್ನಿ ಮುತ್ತುರಾಜಣ್ಣ ಎಂದು ಎದ್ದು ತಾವು ಕೂತಿದ್ದ ಕುರ್ಚಿಯನ್ನೇ ಕೊಟ್ಟರು. ಗೋಡೆಯಲ್ಲಿ ಬುದ್ಧನ ಪಟ, ಅದರ ಪಕ್ಕದಲ್ಲಿ ಹಸಿರು ಸೀರೆಯ ಆ ಪಟ. ಕೆಳಗಿನ ಹಲಗೆಯ ಮೇಲೆ ಕರಗಿದ ಮೇಣದ ಕಲೆ ಪದರ ಪದರವಾಗಿತ್ತು. ಮುತ್ತುರಾಜು ಈ ಮನೆಯೊಳಗೆ ಬಂದದ್ದು ಇದೇ ಮೊದಲು. ಅನುಷಾ ಅವನಿಗೂ ಕಾಫಿ ತಂದಳು, ಅವನು ಮುಟ್ಟಲಿಲ್ಲ.

ಕವರನ್ನು ಅವಳ ಕೈಗೆ ಕೊಟ್ಟು, ಇವರು ನಿಮ್ಮಮ್ಮ ಎಂದ. ಗೋಡೆಯ ಕಡೆ ತೋರಿಸಿ, ಅವರಲ್ಲ ಎಂದ. ಆಮೇಲೆ ತಡವರಿಸುತ್ತ ಎಲ್ಲವನ್ನೂ ಹೇಳಿದ. ಹದಿನಾಲ್ಕು ಮದುವೆ, ಹಿಂದೂಪುರ, ಹೊಳವನಹಳ್ಳಿ, ನಿನ್ನೆ ‘ಅಲ್ಲ’ ಎಂದು ಒತ್ತಿದ್ದು, ಹೆಣ್ಣುಮಕ್ಕಳ ಮುಖದ ಬಗ್ಗೆ ಆಡಿದ ದೊಡ್ಡ ಮಾತು, ಇವತ್ತು ಅಳಿಸಲು ಕೂತಾಗ ಯಂತ್ರ ಅವಳ ಮುಖ ಹಿಡಿದು ತಾಯಿಯನ್ನು ತಂದು ತೋರಿಸಿದ್ದು. ಕೂಲಿ ಹೆಂಗಸರೆಲ್ಲ ಒಂದೇ ಥರ ಎಂದುಕೊಂಡದ್ದನ್ನೂ ಹೇಳಿದ. ಅದನ್ನು ಹೇಳುವಾಗ ಅವನ ಕಣ್ಣು ತನ್ನ ಚಪ್ಪಲಿಯ ಮೇಲಿತ್ತು.

ಅನುಷಾ ನೆಲದ ಮೇಲೆ ಕೂತು ಫೋಟೋಗಳನ್ನು ಒಂದೊಂದಾಗಿ ಹರಡಿದಳು. ಮೂಗು ಒರೆಸುತ್ತಿದ್ದ ಫೋಟೋ ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದಳು. ಅದರಲ್ಲಿ ಕೈ ಚೆನ್ನಾಗಿ ಕಾಣುತ್ತಿತ್ತು, ಗಾಜಿನ ಬಳೆ, ಉಗುರಿನ ಸಂದಿಯಲ್ಲಿ ಹೊಲದ ಕೆಲಸದ ಕಪ್ಪು. ಅವಳು ಅಳುತ್ತಾಳೆ, ಇಲ್ಲವೇ ಬೈಯುತ್ತಾಳೆ ಎಂದು ಮುತ್ತುರಾಜು ಕಾದ. ಮೊದಲು ಮಾತಾಡಿದ್ದು ಮೇಷ್ಟ್ರು.

“ನಂಗೆ ಅವತ್ತೇ ಗೊತ್ತಿತ್ತು ಮುತ್ತುರಾಜಣ್ಣ,” ಎಂದರು. “ನಿಮ್ಮಂಗಡಿ ಬಾಗ್ಲಲ್ಲಿ ನಿಂತ್ಕಂಡು ನೋಡ್ದಾಗ್ಲೇ ಗೊತ್ತಾಯ್ತು, ಇದು ಅವಳಲ್ಲ ಅಂತ. ಹೇಳನ ಅಂತ ಬಾಯಿಗೆ ಬಂತು. ನಿಮ್ಮಂಗಡಿ ತುಂಬ ಮದುವೆ ಮನೆಯೋರು ಕೂತಿದ್ರು. ಅಷ್ಟು ಜನದ ಮುಂದೆ ನಮ್ಮಂತೋನು, ನೀವ್ ಮಾಡಿರೋದು ತಪ್ಪು ಅಂತ ಹೆಂಗ್ ಹೇಳದು? ಮನೇಗ್ ತಂದ್ರೆ ನಮ್ಮವ್ವ ನೋಡ್ದೇಟ್ಗೆ, ಇವಳು ಯಾವಳ್ಲಾ ಅಂದ್ಲು. ಸುಮ್ಕಿರು ಅಂತ ಗದರಿಸ್ದೆ. ಅಷ್ಟೊತ್ಗೆ ಈ ಮಗು ಪಟದ ಮುಂದೆ ಕೂತ್ಕಂಡು ಅಮ್ಮ ಅಂದ್ಬುಡ್ತು. ಆಮೇಕೆ ನಾನ್ ಹೆಂಗ್ ತೆಗೀಲಿ?”

ಮುತ್ತುರಾಜು ಅಲ್ಲಿಯವರೆಗೆ ತಾನು ಮಾಡಿದ್ದು ಒಂದು ಸೋಮಾರಿತನ, ಒಂದು ಮೋಸ ಎಂದುಕೊಂಡಿದ್ದ. ಎದುರಿಗಿದ್ದ ಮನುಷ್ಯ ತಪ್ಪನ್ನು ಕಂಡೂ ಬಾಯಿ ಮುಚ್ಚಿಕೊಂಡು ಹೋಗಿದ್ದ, ಆ ಬಾಯಿ ಮುಚ್ಚಿಸಿದವನೂ ತಾನೇ. ‘ಸರಿ ಅಣ್ಣ’ ಅನ್ನುವುದನ್ನು ಹತ್ತೊಂಬತ್ತು ವರ್ಷ ಒಪ್ಪಿಗೆ ಎಂದು ತಿಳಿದಿದ್ದ. ಮೇಷ್ಟ್ರು ಕೋಪದಿಂದ ಹೇಳಿದ್ದರೆ ಎದ್ದು ಕಾಲಿಗೆ ಬೀಳಬಹುದಿತ್ತು. ಅವರ ದನಿಯಲ್ಲಿ ಕೋಪ ಇರಲಿಲ್ಲ, ತಾವೇ ಏನೋ ತಪ್ಪು ಒಪ್ಪಿಕೊಳ್ಳುತ್ತಿರುವ ಹಾಗೆ ಮಗಳ ಕಡೆ ನೋಡುತ್ತಿದ್ದರು. ಅದನ್ನು ನೋಡಿ ಮುತ್ತುರಾಜುವಿಗೆ ಈ ನೆಲ ಬಾಯಿ ಬಿಟ್ಟು ನುಂಗಬಾರದೇ ಅನ್ನಿಸಿತು.

ಅನುಷಾ ಎದ್ದು ಹೋಗಿ ಗೋಡೆಯ ಪಟವನ್ನು ಇಳಿಸಿದಳು. ಕೆಳಗೆ ಇಡಲಿಲ್ಲ, ಎದೆಯ ಹತ್ತಿರವೇ ಹಿಡಿದುಕೊಂಡಳು.

“ಇವ್ರ ಹೆಸ್ರೇನು?” ಎಂದು ಕೇಳಿದಳು.

“ಗೊತ್ತಿಲ್ಲ ಕಣಮ್ಮ.”

“ಬದುಕವ್ರಾ?”

“ಅದೂ ಗೊತ್ತಿಲ್ಲ. ಅಡುಗೆಯೋರ ಜೊತೆ ಬಂದಿದ್ದೋರು. ನಾನ್ ಕೇಳ್ಲಿಲ್ಲ.”

ಬದುಕಿದ್ದರೆ ಬದುಕಿದ್ದವರಿಗೇ ಇಷ್ಟು ವರ್ಷ ಮೇಣದ ಬತ್ತಿ ಹಚ್ಚಿದ ಹಾಗಾಯಿತು ಎಂದು ಮೇಷ್ಟ್ರು ಮೆಲ್ಲಗೆ ಹೇಳಿದರು. ಅನುಷಾ ಪಟದ ಗಾಜನ್ನು ಚೂಡಿದಾರದ ವೇಲಿನಿಂದ ಒರೆಸಿ ಮಂಚದ ಮೇಲೆ ಒರಗಿಸಿಟ್ಟಳು. ಹೊಳವನಹಳ್ಳಿಗೆ ಹೋಗಿ ಇವರನ್ನು ಹುಡುಕಬೇಕು, ಸಿಕ್ಕರೆ ಕೈ ಮುಗಿದು ಇದನ್ನು ಕೊಟ್ಟು ಬರಬೇಕು, ನೀವೂ ಬರಬೇಕು ಎಂದಳು. ಮುತ್ತುರಾಜು ಆಗಲಿ ಎಂದು ತಲೆಯಾಡಿಸಿದ. ಇಲ್ಲಿಗೆ ಮುಗಿಯಿತು ಎಂದು ಅವನಿಗೆ ಅನ್ನಿಸಿತು. ಕೆಟ್ಟದ್ದನ್ನೆಲ್ಲ ಹೇಳಿಯಾಯಿತು, ಇನ್ನು ಹೇಳುವುದಕ್ಕೆ ಏನೂ ಇಲ್ಲ. ಎದೆ ಸ್ವಲ್ಪ ಹಗುರಾಯಿತು ಎಂದೂ ಅನ್ನಿಸಿತು. ತಣ್ಣಗಾಗಿದ್ದ ಕಾಫಿ ಲೋಟಕ್ಕೆ ಕೈ ಹಾಕಿದ.

ಆಗ ಅನುಷಾ ಕೇಳಿದಳು. ದನಿ ಏರಿಸಲಿಲ್ಲ, ಲೈಬ್ರರಿಯಲ್ಲಿ ಪುಸ್ತಕ ವಾಪಸ್ ಬಂತಾ ಎಂದು ಕೇಳುವ ಹಾಗೆ ಕೇಳಿದಳು.

“ಅಂಕಲ್, ನಮ್ಮನೇದು ಒಂದೇನಾ?”

ಹೌದು ಅನ್ನುವುದು ಬಹಳ ಸುಲಭವಿತ್ತು. ಆ ಮನೆಯಲ್ಲಿ ಯಾರೂ ಅವನನ್ನು ಮತ್ತೆ ಕೇಳುತ್ತಿರಲಿಲ್ಲ. ಹೆಸರಿನ ಸಾಫ್ಟ್‌ವೇರ್ ಹಾಕಿಕೊಂಡರೆ ಇನ್ನು ಯಾವ ಯಂತ್ರವೂ ಕೇಳುತ್ತಿರಲಿಲ್ಲ. ಸಿ.ಡಿ. ಸಿಗದ ದಿನಗಳು, ಫೋಟೋ ಮಸುಕಾಗಿದ್ದ ದಿನಗಳು, ಬರಿಗೈಯಲ್ಲಿ ಕಳಿಸಿದರೆ ಹೆಸರು ಹೋಗುತ್ತದೆ ಎಂದು ಹೆದರಿದ್ದ ದಿನಗಳು, ಪಟ ಹಿಡಿದು ಮಾತಿಲ್ಲದೆ ಹೋದ ಮನುಷ್ಯರ ಬೆನ್ನುಗಳು, ಎಲ್ಲ ಒಟ್ಟಿಗೆ ಕಣ್ಣ ಮುಂದೆ ಬಂದವು. ಲೋಟವನ್ನು ಕೆಳಗಿಟ್ಟ.

“ಅಲ್ಲ,” ಎಂದ.

ಮೇಷ್ಟ್ರು ತಲೆ ಎತ್ತಿ ನೋಡಿದರು. ಅನುಷಾ ನೆಲದ ಮೇಲಿದ್ದ ಹಳದಿ ಕವರನ್ನು ಎತ್ತಿಕೊಂಡು, ಅಪ್ಪನ ಜೇಬಿನಿಂದ ಪೆನ್ನು ತೆಗೆದುಕೊಂಡು, ಕವರಿನ ಖಾಲಿ ಬೆನ್ನು ಮೇಲಾಗಿ ಮೊಣಕಾಲ ಮೇಲಿಟ್ಟು ಕೂತಳು. ನಾಳೆಯಿಂದ ಮುಖದ್ದಕ್ಕೇ ಹನ್ನೊಂದು ಡಿಸ್ಕೂ ಹಾಕಬೇಕು, ನನ್ನ ಮುಖದಿಂದ ಅಮ್ಮ ಸಿಕ್ಕ ಹಾಗೆ ಅವರ ಮಕ್ಕಳ ಮುಖದಿಂದ ಅವರೂ ಸಿಗಬಹುದು, ಮೊದಲು ಯಾರಾರನ್ನು ಹುಡುಕಬೇಕೋ ಹೇಳಿ ಎಂದಳು.

ಮುತ್ತುರಾಜು ಹೇಳತೊಡಗಿದ. ಕದಿರಯ್ಯನ ತಾಯಿ. ಚಿಕ್ಕನರಸಯ್ಯ, ಸಿರಾ ರಸ್ತೆಯ ಮನೆಯವರು. ಕೊಲ್ಲಾಪುರಮ್ಮ ಅಂತ ಕೊರಟಗೆರೆ ಕಡೆಯವರು, ಅವರಿಗೆ ಇಬ್ಬರು ಹೆಣ್ಣುಮಕ್ಕಳು. ನಾಲ್ಕನೆಯವರ ಮನೆ ನೆನಪಾಯಿತು, ಬಾಗಿಲ ಮುಂದೆ ಕಟ್ಟಿದ್ದ ಮೇಕೆ ನೆನಪಾಯಿತು, ಪಟ ತೆಗೆದುಕೊಂಡು ಹೋದ ಗಂಡಸಿನ ಹರಿದ ಟವೆಲ್ಲೂ ನೆನಪಾಯಿತು. ಸತ್ತವಳ ಹೆಸರು ಮಾತ್ರ ಎಷ್ಟು ತಡಕಿದರೂ ಬರಲಿಲ್ಲ. ಅನುಷಾ ಅಲ್ಲಿ ಒಂದು ಗೆರೆ ಎಳೆದು ಜಾಗ ಬಿಟ್ಟಳು, ಐದನೆಯವರು ಯಾರು ಎಂದು ಕೇಳಿದಳು.